ನೀಲಿ ಪುಸ್ತಕದಲ್ಲಿ ಬರೆಯದ್ದು

೧೯ ಸೆಪ್ಟೆಂಬರ್, ಮಂಗಳವಾರ. ಬೆಳಿಗ್ಗೆ ೭.೧೦

ಮಾತ್ರೆ ನುಂಗಿದ್ದಾಯಿತು. ಹಳೆಯದು ಎರಡು, ಹೊಸದು ಒಂದು. ಹೊಸದರಲ್ಲಿ ಔಷಧಿ ಇದೆಯೋ ಬರೀ ಹಿಟ್ಟಿದೆಯೋ ನನಗೂ ಗೊತ್ತಿಲ್ಲ, ಕೊಡುವ ನರ್ಸಿಗೂ ಗೊತ್ತಿಲ್ಲ. ಸಂಶೋಧನೆಯ ಕ್ರಮವೇ ಹಾಗಂತೆ. ಕಿವಿಯ ಹಿಂದಿನ ಹೊಲಿಗೆ ತುರಿಸುತ್ತಿದೆ. ಚರ್ಮದ ಕೆಳಗೆ ನಾಣ್ಯದಷ್ಟು ಅಗಲದ ಯಂತ್ರ, ಅದರಿಂದ ಹೊರಟ ದಾರದಂಥ ತಂತಿ. ತಲೆಯೊಳಗೆ ನಡೆಯುವುದನ್ನೆಲ್ಲ ಬರೆದಿಟ್ಟುಕೊಳ್ಳುತ್ತದೆ. ಒಂಬತ್ತು ತಿಂಗಳು ಅದನ್ನು ಯಾರೂ ತೆರೆದು ನೋಡುವಂತಿಲ್ಲ. ಅಲ್ಲಿಯವರೆಗೆ ಲೆಕ್ಕಕ್ಕೆ ಬರುವುದು ಆಸ್ಪತ್ರೆಯವರು ಕೊಟ್ಟ ನೀಲಿ ಪುಸ್ತಕ ಮಾತ್ರ.

ನರ್ಸ್ ಸಿಸೆಲ್ ಹೇಳಿದ್ದು — "ಫಿಟ್ಸ್ ಬಂದ್ರೆ ದಿನ, ಗಂಟೆ, ಎಷ್ಟು ಹೊತ್ತಿತ್ತು... ಅಷ್ಟೇ ಬರೀರಿ, ಮೆರೆಟೆ. ಕತೆ ಬೇಡ."

ಕತೆ ಇಲ್ಲಿ. ಈ ಗೆರೆ ಪುಸ್ತಕ ನನ್ನದು. ಯಾರೂ ಕೇಳುವುದಿಲ್ಲ.

ಎಂಟಕ್ಕೆ ಕೆಲಸ. ಕೆಲಸ ಅಂದರೆ ಈಜುಕೊಳದ ಟಿಕೆಟ್ ಕೌಂಟರ್. ಹತ್ತೊಂಬತ್ತು ವರ್ಷ ಮಕ್ಕಳಿಗೆ ಈಜು ಕಲಿಸಿದವಳು ಈಗ ಟವೆಲ್ ಬಾಡಿಗೆಗೆ ಕೊಡುತ್ತೇನೆ. ಫೆಬ್ರುವರಿಯಲ್ಲಿ ಬಟ್ಟೆ ಬದಲಿಸುವ ಕೋಣೆಯಲ್ಲಿ ಬಿದ್ದೆ, ಅಂದಿನಿಂದ ನೀರು ಬಂದ್. ಆರು ತಿಂಗಳು ಒಂದೂ ಫಿಟ್ಸ್ ಬಂದಿಲ್ಲ ಅಂತ ಆಸ್ಪತ್ರೆಯ ಪತ್ರ ತಂದರೆ ಮತ್ತೆ ನೀರಿಗೆ ಇಳಿಸುತ್ತೇನೆ ಎಂದಿದ್ದಾನೆ ಮ್ಯಾನೇಜರ್ ಪ್ರೆಬೆನ್. ಕೊನೆಯದು ಬಂದದ್ದು ಆಗಸ್ಟ್ ೨೫. ಅಂದರೆ ಮಾರ್ಚ್.

ಗಾಜಿನಾಚೆ ಹೊಸ ಟೀಚರು ಮಕ್ಕಳನ್ನು ಆಲೂಗಡ್ಡೆ ಮೂಟೆ ಹಿಡಿದ ಹಾಗೆ ಹಿಡಿಯುತ್ತಾಳೆ. ನೋಡಲಾರೆ. ನೋಡದೆಯೂ ಇರಲಾರೆ. ಕೌಂಟರಿನ ಕೆಳಗೆ ನನ್ನ ಕೈಗಳು ತಾವೇ ಆಡುತ್ತಿರುತ್ತವೆ.


೭ ಅಕ್ಟೋಬರ್, ಶನಿವಾರ. ಮಧ್ಯಾಹ್ನ

ಆಯಿತು.

ಬ್ರೆಡ್ ಕೊಯ್ಯುತ್ತಿದ್ದೆ. ಆಮೇಲೆ ನೋಡಿದರೆ ಹಜಾರದಲ್ಲಿ ನಿಂತಿದ್ದೇನೆ. ಒಂದು ಕೈಯಲ್ಲಿ ಚಾಕು, ಇನ್ನೊಂದರ ಮೇಲೆ ಗಂಡ ಆಸ್ಗರನ ಕೋಟು. ಬಾಯಲ್ಲಿ ತಾಮ್ರದ ರುಚಿ. ಒಂದು ನಿಮಿಷ ಇರಬಹುದು, ಎರಡಿರಬಹುದು. ನನ್ನದು ಹೆಚ್ಚಾಗಿ ಬಿದ್ದು ಒದ್ದಾಡುವ ಬಗೆಯದಲ್ಲ. ನಿಂತಲ್ಲೇ ಹೋಗಿಬಿಡುತ್ತೇನೆ. ಕಣ್ಣು ತೆರೆದೇ ಇರುತ್ತದಂತೆ. ತುಟಿ ಚಪ್ಪರಿಸುತ್ತೇನಂತೆ. ಎಲ್ಲಾ "ಅಂತೆ"ಗಳೇ.

ಆಸ್ಗರ್ ತನ್ನ ಸೈಕಲ್ ಅಂಗಡಿಯಲ್ಲಿದ್ದ. ಯಾರೂ ನೋಡಲಿಲ್ಲ.

ನೀಲಿ ಪುಸ್ತಕ ತೆಗೆದೆ. ದಿನಾಂಕ ಬರೆದರೆ ಆರು ತಿಂಗಳು ಇವತ್ತಿನಿಂದ ಶುರು. ಮಾರ್ಚ್ ಹೋಗಿ ಏಪ್ರಿಲ್. ಆಮೇಲೆ ಇನ್ನೊಂದು ಬಂದರೆ... ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ. ಉಳಿದ ಬ್ರೆಡ್ ಪೂರ್ತಿ ಕೊಯ್ದೆ. ಇಬ್ಬರಿಗೆ ಅಷ್ಟು ಯಾಕೆ, ಗೊತ್ತಿಲ್ಲ.


೯ ಅಕ್ಟೋಬರ್

ಇನ್ನೂ ಬರೆದಿಲ್ಲ. ಬರೆಯುವುದಿಲ್ಲ ಅಂತಲೇ ಕಾಣುತ್ತದೆ.


೨೪ ನವೆಂಬರ್, ಶುಕ್ರವಾರ

ಓಡೆನ್ಸ್ ಊರಿಗೆ ರೈಲು. ಆಸ್ಪತ್ರೆಯಲ್ಲಿ ಸಿಸೆಲ್ ನೀಲಿ ಪುಸ್ತಕದ ಹಾಳೆ ತಿರುವಿದಳು. ಖಾಲಿ, ಖಾಲಿ, ಖಾಲಿ. ಅವಳ ಮುಖ ಅರಳಿತು.

"ಒಂದೂ ಇಲ್ವಾ?"

"ಒಂದೂ ಇಲ್ಲ."

"ನೋಡಿ, ನಾನು ಹೀಗೆಲ್ಲ ಖುಷಿಪಡಬಾರದು. ಯಾರಿಗೆ ಯಾವ ಮಾತ್ರೆ ಅಂತ ಗೊತ್ತಿರದವಳು ನಾನು. ಆದ್ರೂ..." ಎಂದು ನನ್ನ ಕೈ ಒತ್ತಿದಳು.

ನಿನ್ನೆ ಬಸ್ಸಿನಲ್ಲಿ ಎರಡು ನಿಲ್ದಾಣ ಕಳೆದುಹೋಗಿದ್ದವು. ಇಳಿದಾಗ ಬೆನ್ನೆಲ್ಲ ಬೆವರು, ಒಂದು ಕೈಗವಸು ಇಲ್ಲ. ಅದನ್ನು ಹೇಳಲಿಲ್ಲ. ಅವಳ ಕೈ ಬೆಚ್ಚಗಿತ್ತು, ನನ್ನದು ತಣ್ಣಗೆ. ಬೇಗ ಎಳೆದುಕೊಂಡೆ.

ಯಾರಿಗೆ ಏನು ನಷ್ಟವಾಯಿತು? ನೂರಾರು ಜನರ ಪುಸ್ತಕಗಳಲ್ಲಿ ನನ್ನದೊಂದು. ಹೀಗೆ ರೈಲಿನುದ್ದಕ್ಕೂ ಹೇಳಿಕೊಂಡೆ. ನಿಂತೇ ಬಂದೆ. ಸೀಟು ಖಾಲಿ ಇತ್ತು.


೧೪ ಜನವರಿ, ಭಾನುವಾರ

ಮೂರನೆಯದು. ತಿಂಡಿಯ ಮೇಜಿನಲ್ಲಿ, ಆಸ್ಗರ್ ಎದುರಿಗೇ ಇದ್ದ. ಎಚ್ಚರವಾದಾಗ ಕಾಫಿ ಮೇಜಿನಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅವನು ಮೊಣಕಾಲೂರಿ ಒರೆಸುತ್ತಿದ್ದ.

"ಕೈ ಜಾರಿತು," ಎಂದೆ.

"ಹೂಂ. ಜಾರತ್ತೆ," ಎಂದ. ಬಟ್ಟೆ ಹಿಂಡಿದ. ಮತ್ತೆ ಒರೆಸಿದ. ಒರೆಸಿದ ಜಾಗವನ್ನೇ ಒರೆಸಿದ.

ಅವನು ನೋಡಿದನೋ ಇಲ್ಲವೋ. ಪೇಪರು ಓದುತ್ತಿದ್ದನಲ್ಲ. ನೋಡಿದ್ದರೆ ಹೇಳುತ್ತಿದ್ದ. ಹೇಳುತ್ತಿದ್ದನೇ? ಹೋದ ವಸಂತದಲ್ಲಿ ಅವನು ಕ್ಯಾಲೆಂಡರಿನಲ್ಲಿ ನನ್ನ ಫಿಟ್ಸ್‌ಗಳಿಗೆ ಗೀಟು ಹಾಕತೊಡಗಿದಾಗ ಜಗಳ ಮಾಡಿ ಕ್ಯಾಲೆಂಡರ್ ಹರಿದಿದ್ದೆ. "ನಾನು ನಿನ್ನ ಹೆಂಡ್ತಿ, ಮೀಟರ್ ಅಲ್ಲ" ಎಂದಿದ್ದೆ. ಅಂದಿನಿಂದ ಅವನು ಆ ಮಾತೇ ಎತ್ತುವುದಿಲ್ಲ.

ಮಧ್ಯಾಹ್ನ ಸಮುದ್ರದ ದಂಡೆಯಲ್ಲಿ ಎರಡು ಗಂಟೆ ನಡೆದೆ. ಗಾಳಿಗೆ ಕಣ್ಣಲ್ಲಿ ನೀರು. ಮನೆಗೆ ಬಂದು ಮತ್ತೆ ಹೊರಟೆ.


೨೭ ಫೆಬ್ರುವರಿ, ಮಂಗಳವಾರ

ಪತ್ರ ಬಂತು. ರೋಗಿಯ ದಾಖಲೆಯ ಪ್ರಕಾರ ಆರು ತಿಂಗಳಿನಿಂದ ಫಿಟ್ಸ್ ಇಲ್ಲ — ಕೆಳಗೆ ಡಾಕ್ಟರ್ ಉಲ್ರಿಕ್‌ನ ಸಹಿ. ರೋಗಿಯ ದಾಖಲೆ. ಅಂದರೆ ನಾನು.

ಪ್ರೆಬೆನ್ ಕನ್ನಡಕ ಹಣೆಗೇರಿಸಿ ಎರಡು ಸಲ ಓದಿದ.

"ಕೌಂಟರಿನಲ್ಲಿ ನಿನ್ನಷ್ಟು ಕೆಟ್ಟದಾಗಿ ಟಿಕೆಟ್ ಹರಿದೋರು ಇನ್ಯಾರೂ ಇಲ್ಲ. ಹೋಗು, ನೀರಿಗೇ ಹೋಗು."

"ಮಂಗಳವಾರದ ಗುಂಪು ಕೊಡು."

"ಅದು ಹೆದರುಪುಕ್ಕಲರ ಗುಂಪು. ಏಳು ಮಕ್ಕಳು, ಒಂದಕ್ಕೂ ಮುಖ ನೀರಿಗಿಡೋ ಧೈರ್ಯ ಇಲ್ಲ."

"ಅದೇ ಬೇಕು."

ಅವನು ನನ್ನನ್ನೇ ಒಂದು ಕ್ಷಣ ನೋಡಿದ. "ಮೆರೆಟೆ, ಚೆನ್ನಾಗಿದ್ದೀಯಾ ತಾನೆ? ಕಾಗದ ಬಿಡು. ನಿನ್ನ ಕೇಳ್ತಿದ್ದೀನಿ."

"ಚೆನ್ನಾಗಿದ್ದೀನಿ."

ಇಷ್ಟು ಸಲೀಸಾಗಿ ಬಂತು.


೫ ಮಾರ್ಚ್, ಮಂಗಳವಾರ

ನೀರು. ಎದೆಯವರೆಗೆ ನೀರು. ಒಂದು ವರ್ಷ ಆದ ಮೇಲೆ ಮೈ ಹಗುರ.

ಏಳು ಮಕ್ಕಳಲ್ಲಿ ಸಿಲ್ಯೆ ಎಂಬವಳದು ಪ್ರೆಬೆನ್ ಹೇಳಿದ್ದಕ್ಕಿಂತ ಹೆಚ್ಚಿನ ಭಯ. ಏಳು ವರ್ಷ, ಮುಂದಿನ ಎರಡು ಹಲ್ಲಿಲ್ಲ. ಮೆಟ್ಟಿಲಿನ ಕಂಬಿ ಬಿಡಲೊಲ್ಲಳು.

"ನೀನು ನನ್ನ ಬಿಟ್ಟುಬಿಡ್ತೀಯಾ?" ಎಂದಳು.

"ನೀನು ಹೇಳೋ ತನಕ ಬಿಡಲ್ಲ."

"ನಾನು ಹೇಳೋದೇ ಇಲ್ಲ."

"ಸರಿ. ಹಾಗಾದ್ರೆ ಮುದುಕಿಯರಾಗೋ ತನಕ ಹೀಗೇ ನಿಂತಿರೋಣ."

ನಕ್ಕಳು. ಒಂದು ಬೆರಳು ಕಂಬಿಯಿಂದ ಎತ್ತಿದಳು. ಒಂದು ದಿನಕ್ಕೆ ಒಂದು ಬೆರಳು ಕಡಿಮೆಯಲ್ಲ.

ಮೇಲೆ ಕೆಫೆಯ ಗಾಜಿನ ಹಿಂದೆ ಆಸ್ಗರ್ ಕೂತಿದ್ದ. ಪಕ್ಕದ ಗೋದಾಮಿಗೆ ಯಾವುದೋ ಸೈಕಲ್ ಚೈನು ಬರಬೇಕಂತೆ, ಕಾಯುತ್ತಿದ್ದನಂತೆ.


೧೨ ಮಾರ್ಚ್, ಮಂಗಳವಾರ

ಒಳ್ಳೆಯ ದಿನ. ಇಷ್ಟು ಒಳ್ಳೆಯ ದಿನ ಬಂದು ಎಷ್ಟು ಕಾಲವಾಯಿತು.

ಸಿಲ್ಯೆ ತೇಲಿದಳು. ಅಂಗಾತ, ಕೈಕಾಲು ಚಾಚಿ, ಒಬ್ಬಳೇ. ಬೆನ್ನ ಕೆಳಗೆ ನನ್ನ ಎರಡೂ ಕೈ ಇದ್ದವು, ಆಮೇಲೆ ನೋಡಿದರೆ ಇಲ್ಲ. ಯಾವಾಗ ತೆಗೆದೆ ಅಂತ ನನಗೇ ತಿಳಿಯಲಿಲ್ಲ. ಒಳ್ಳೆಯ ಪಾಠ ಹಾಗೇ ನಡೆಯುತ್ತದೆ, ಕೈ ತನ್ನ ಪಾಡಿಗೆ ತಾನು ದೂರ ಸರಿಯುತ್ತದೆ. ಹತ್ತೊಂಬತ್ತು ವರ್ಷದ ಕೈ.

ಆಸ್ಗರನಿಗೆ ಫೋನಿನಲ್ಲಿ ಹೇಳಿದೆ. ಅವನು ಹಲ್ಲಿನ ಡಾಕ್ಟರ ಹತ್ತಿರ ಇದ್ದ. ಬಾಯಿ ಮರಗಟ್ಟಿತ್ತು, ಏನೋ ಅಂದ, ತಿಳಿಯಲಿಲ್ಲ. ಮಧ್ಯಾಹ್ನ ಮಲಗಿದವಳು ಮೂರು ಗಂಟೆ ಏಳಲಿಲ್ಲ. ನೀರಿನ ಅಭ್ಯಾಸ ತಪ್ಪಿದೆ.


೧೬ ಏಪ್ರಿಲ್

ಏಳರಲ್ಲಿ ಐದು ಮಕ್ಕಳು ತೇಲುತ್ತಾರೆ. ಸಿಲ್ಯೆ ಈಗ ದಡದಿಂದ ಧುಮುಕುತ್ತಾಳೆ, ಎಲ್ಲರ ಕಣ್ಣಿಗೆ ನೀರು ಹಾರಿಸಿ ಬೈಸಿಕೊಳ್ಳುತ್ತಾಳೆ.

ಆಸ್ಗರ್ ಮತ್ತೆ ಗಾಜಿನ ಹಿಂದೆ. ಪ್ರತಿ ಮಂಗಳವಾರವೂ ಚೈನು ಬರುತ್ತದೆಯೇ?

"ಅಂಗಡಿ ಯಾರು ನೋಡ್ಕೊಳ್ತಾರೆ?" ಎಂದು ರೇಗಿದೆ.

"ಬಾಗಿಲಿಗೆ ಚೀಟಿ ಹಚ್ಚಿ ಬಂದಿದ್ದೀನಿ. ಇಲ್ಲಿ ಕಾಫಿ ಚೆನ್ನಾಗಿರತ್ತೆ."

ಇಲ್ಲಿನ ಕಾಫಿ ಚೆನ್ನಾಗಿಲ್ಲ. ಊರಿಗೇ ಗೊತ್ತು.


೬ ಜೂನ್, ಗುರುವಾರ. ರೈಲಿನಲ್ಲಿ

ಬರೆಯುತ್ತೇನೆ. ಇಲ್ಲದಿದ್ದರೆ ಈ ಬೋಗಿಯಲ್ಲಿ ಕೂರಲಾರೆ.

ಒಂಬತ್ತು ತಿಂಗಳು ಮುಗಿಯಿತು. ಸಿಸೆಲ್ ನನ್ನ ಕಿವಿಯ ಹಿಂದೆ ಬಿಲ್ಲೆಯಂಥದ್ದೊಂದನ್ನು ಹಿಡಿದಳು. ಯಂತ್ರದಲ್ಲಿದ್ದುದೆಲ್ಲ ಕಂಪ್ಯೂಟರಿಗೆ ಹೋಯಿತು. ಅರ್ಧ ಗಂಟೆ ಬಿಟ್ಟು ಉಲ್ರಿಕ್ ಕರೆದ. ತೆಳ್ಳಗಿನ, ಸದಾ ತೋಳು ಮಡಚಿಕೊಂಡೇ ಇರುವ ಮನುಷ್ಯ. ಬಾಗಿಲು ಹಾಕಿದ. ಅವನು ಬಾಗಿಲು ಹಾಕಿದ್ದು ಅದೇ ಮೊದಲು.

"ನಿಮ್ಮ ಪ್ರಕಾರ ಎಷ್ಟು ಬಂದಿರಬಹುದು?"

"ಒಂದೂ ಇಲ್ಲ," ಎಂದೆ. ಆಮೇಲೆ, "ಮೂರು."

ಸಿಸೆಲ್ ತಲೆ ಎತ್ತಿದಳು.

"ಮೂರು ಬಂದಿತ್ತು. ಬರೀಲಿಲ್ಲ. ಮರೆತಿದ್ದಲ್ಲ, ಬೇಕಂತಲೇ ಬರೀಲಿಲ್ಲ. ನನಗೆ ನೀರಿಗೆ ಹೋಗ್ಬೇಕಿತ್ತು."

ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ. ಪರದೆಯನ್ನು ನನ್ನ ಕಡೆ ತಿರುಗಿಸಿದ.

"ನಲವತ್ತೊಂದು," ಎಂದ.

"ಯಂತ್ರ ಕೆಟ್ಟಿದೆ."

"ಕೆಟ್ಟಿದ್ರೆ ಚೆನ್ನಾಗಿತ್ತು. ಇಪ್ಪತ್ತಾರು ನಿದ್ದೆಯಲ್ಲಿ ಬಂದಿದೆ. ಹದಿನೈದು ಎಚ್ಚರ ಇದ್ದಾಗ."

"ಬಂದಿದ್ರೆ ನನಗೆ ಗೊತ್ತಾಗ್ತಿತ್ತು."

"ಗೊತ್ತಾಗಲ್ಲ, ಮೆರೆಟೆ. ಗೊತ್ತುಮಾಡಿಕೊಳ್ಳೋ ಜಾಗವೇ ಆ ಒಂದು ನಿಮಿಷ ಕೆಲಸ ನಿಲ್ಲಿಸಿರತ್ತೆ. ಮೂರು ನೀವು ಮುಚ್ಚಿಟ್ರಿ. ಅದಕ್ಕೆ ಏನು ಹೇಳ್ಬೇಕೋ ನಿಮಗೇ ಗೊತ್ತಿದೆ. ಉಳಿದ ಮೂವತ್ತೆಂಟನ್ನ ನೀವು ಮುಚ್ಚಿಟ್ಟಿಲ್ಲ. ಪ್ರಾಮಾಣಿಕವಾಗಿ ಬರೆದವರ ಪುಸ್ತಕದಲ್ಲೂ ಅರ್ಧಕ್ಕರ್ಧ ಇಲ್ಲ. ನಾವು ಈ ಕೆಲಸ ಶುರು ಮಾಡಿದ್ದೇ ಅದನ್ನ ತಿಳಿಯೋಕೆ."

ಪಟ್ಟಿ ಕೊಟ್ಟ. ದಿನ, ಗಂಟೆ, ಎಷ್ಟು ಹೊತ್ತು. ಕತೆ ಇಲ್ಲ. ಬೆರಳಿಟ್ಟು ಇಳಿದೆ. ಅಕ್ಟೋಬರ್ ೭ ಇತ್ತು. ಬಸ್ಸು ಇತ್ತು. ಕಾಫಿ ಇತ್ತು. ನಡುವೆ ನನಗೆ ಗುರುತೇ ಇಲ್ಲದ ದಿನಗಳು. ಆಮೇಲೆ —

೧೨ ಮಾರ್ಚ್, ಮಂಗಳವಾರ. ೧೦.೪೨. ಎಪ್ಪತ್ತನಾಲ್ಕು ಸೆಕೆಂಡು.

ಮಂಗಳವಾರದ ಪಾಠ ಹತ್ತೂ ಕಾಲಿಗೆ ಶುರು, ಹನ್ನೊಂದಕ್ಕೆ ಮುಗಿಯುತ್ತದೆ.

ಈ ಪುಸ್ತಕದ ಆ ಹಾಳೆ ತೆರೆದೆ ಈಗ. ಒಳ್ಳೆಯ ದಿನ, ಅಂತಿದೆ. ನನ್ನದೇ ಅಕ್ಷರ. ಯಾರಿಗೂ ತೋರಿಸದ ಪುಸ್ತಕ, ಇಲ್ಲಿ ಸುಳ್ಳು ಹೇಳುವ ಗರಜೇ ಇರಲಿಲ್ಲ ನನಗೆ.

ಎಪ್ಪತ್ತನಾಲ್ಕು. ವಾಚು ನೋಡುತ್ತಾ ಎಣಿಸಿದೆ. ನಲವತ್ತಕ್ಕೆ ನಿಲ್ಲಿಸಿದೆ.


೭ ಜೂನ್. ಬೆಳಿಗ್ಗೆ

ಆಸ್ಗರನ ಅಂಗಡಿಗೆ ಹೋದೆ. ಅವನು ಒಂದು ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ ಚಕ್ರ ತಿರುಗಿಸುತ್ತಿದ್ದ. ಪಟ್ಟಿಯನ್ನು ಅವನೆದುರಿನ ಮೇಜಿನ ಮೇಲಿಟ್ಟೆ. ಓದಿದ. ಚಕ್ರ ತಾನಾಗಿ ನಿಂತಿತು.

"ನಿನಗೆ ಎಷ್ಟು ಗೊತ್ತಿತ್ತು?"

"ಒಂಬತ್ತು."

"ಯಾಕೆ ಹೇಳಲಿಲ್ಲ?"

"ಕ್ಯಾಲೆಂಡರ್ ಹರಿದೆಯಲ್ಲ."

"ಅದಕ್ಕೇ?"

"ಅದೊಂದಕ್ಕೇ ಅಲ್ಲ. ನೀರಿಗಿಳಿದ ದಿನ ಮನೆಗೆ ಬಂದು ಹಾಡು ಗುನುಗಿದೆ ನೀನು. ಪಾತ್ರೆ ತೊಳೀತಾ. ನಾನು ಹೇಳಿದ್ರೆ ಅದು ನಿಂತುಹೋಗತ್ತೆ ಅಂತ... ಅಲ್ಲಿ ಬಂದು ಕೂತ್ಕೊಂಡ್ರೆ ಸಾಕು ಅಂದ್ಕೊಂಡೆ."

"ಗಾಜಿನ ಹಿಂದೆ ಕೂತು ಏನು ಮಾಡ್ತಿದ್ದೆ? ಗಾಜು ಒಡೀತಿದ್ದೆಯಾ?"

ಅವನು ಕೈಯ ಮಸಿ ಒರೆಸಿಕೊಂಡ. "ಪ್ಯಾಂಟಿನ ಒಳಗೆ ಈಜುಚಡ್ಡಿ ಹಾಕ್ಕೊಂಡು ಬರ್ತಿದ್ದೆ. ಮೆಟ್ಟಿಲು ಇಳಿಯೋಕೆ ಹನ್ನೊಂದು ಸೆಕೆಂಡು. ಓಡಿ ನೋಡಿದ್ದೀನಿ, ಯಾರೂ ಇಲ್ಲದಾಗ."

ನಗಬೇಕೋ ಹೊಡೆಯಬೇಕೋ ತಿಳಿಯದೆ ಬಾಗಿಲಲ್ಲಿ ನಿಂತೆ. ಐವತ್ತೊಂದು ವರ್ಷದ, ಈಜು ಅಷ್ಟಕ್ಕಷ್ಟೇ ಬರುವ ಮನುಷ್ಯ. ಮಾರ್ಚ್ ಹನ್ನೆರಡಕ್ಕೆ ಅವನು ಹಲ್ಲು ಕೀಳಿಸಿಕೊಳ್ಳುತ್ತಿದ್ದ.

"ಆ ಮಂಗಳವಾರ ಒಂದು ಬರೋದು ತಪ್ಪಿತು," ಎಂದ, ಪಟ್ಟಿ ನೋಡುತ್ತಲೇ. "ಅದೊಂದು."


೧೦ ಜೂನ್, ಸೋಮವಾರ

ಪ್ರೆಬೆನ್‌ಗೆ ಹೇಳಿದೆ. ಕೂತು ಕೇಳಿದ. ಮೂರರ ವಿಷಯ, ನಲವತ್ತೊಂದರ ವಿಷಯ, ಮಾರ್ಚ್ ಹನ್ನೆರಡು.

"ನಾನು ಅವತ್ತು ನಿನ್ನನ್ನೇ ಕೇಳಿದ್ದೆ," ಎಂದ. "ಕಾಗದ ಬಿಡು, ನಿನ್ನ ಕೇಳ್ತಿದ್ದೀನಿ ಅಂತ."

"ಹೌದು."

"ಇಪ್ಪತ್ತು ವರ್ಷದ ಪರಿಚಯ ಅಂತ ನಂಬಿದೆ."

ಅಷ್ಟೇ. ಕೊಳದ ಬೀಗದ ಕೈ ಮೇಜಿನ ಮೇಲಿಟ್ಟು ಬಂದೆ. ಸಿಲ್ಯೆಯ ತಾಯಿಗೆ ನಾನೇ ಹೇಳುತ್ತೇನೆ ಎಂದೆ. "ನೀನೇ ಹೇಳ್ಬೇಕು" ಎಂದ, ತಲೆ ಎತ್ತದೆ.


೧೧ ಜೂನ್, ಮಂಗಳವಾರ

ಕೊಳದ ಹೊರಗಿನ ಬೆಂಚು. ಸಿಲ್ಯೆಯ ತಾಯಿ ಡಿಟೆ ಕೆಲಸದ ಬಟ್ಟೆಯಲ್ಲೇ ಬಂದಿದ್ದಳು, ಅಂಚೆ ಇಲಾಖೆಯ ಕೋಟು. ಸಿಲ್ಯೆ ಪಕ್ಕದಲ್ಲಿ ಸೇಬು ತಿನ್ನುತ್ತಿದ್ದಳು. ಮಗುವನ್ನು ದೂರ ಕಳಿಸೋಣವೇ ಎಂದೆ. "ಅವಳ ವಿಷಯ ತಾನೆ? ಇರಲಿ," ಎಂದಳು ಡಿಟೆ.

ಹೇಳಿದೆ. ಒಂದೇ ಉಸಿರಿಗೆ, ಮೊದಲೇ ಬಾಯಿಪಾಠ ಮಾಡಿಕೊಂಡಿದ್ದನ್ನು. ಅರ್ಧಕ್ಕೆ ಮರೆತು ತೊದಲಿದೆ.

"ನಿಮಗೆ ಕಾಯಿಲೆ ಇದೆ ಅಂತ ಗೊತ್ತಿತ್ತು," ಎಂದಳು ನಿಧಾನವಾಗಿ. "ವಾಸಿಯಾಗಿದೆ ಅಂತ ಪ್ರೆಬೆನ್ ಹೇಳಿದ್ರು."

"ಅವನಿಗೆ ನಾನು ಹಾಗಂತ ಹೇಳಿದ್ದೆ."

"ಆಗಿಲ್ಲ ಅಂತ ನಿಮಗೆ ಗೊತ್ತಿತ್ತಾ?"

"ಮೂರು ಸಲ ಬಂದದ್ದು ಗೊತ್ತಿತ್ತು. ಅವತ್ತಿನದು ಗೊತ್ತಿರಲಿಲ್ಲ."

"ಮೂರು ಸಾಕಾಗಲಿಲ್ವಾ ನಿಮಗೆ?"

ನನ್ನ ಕೈಗಳನ್ನು ನೋಡಿಕೊಂಡೆ.

ಸಿಲ್ಯೆ ಸೇಬು ಕಚ್ಚುವುದನ್ನು ನಿಲ್ಲಿಸಿದ್ದಳು. "ನಾನು ತೇಲಿದ ದಿನನಾ?"

"ಹೌದು. ಏನು ನೆನಪಿದೆ ನಿನಗೆ?"

"ನೀನು ಮಾತಾಡ್ತಾ ಇದ್ದವಳು ನಿಲ್ಲಿಸ್ದೆ. ಆಮೇಲೆ ಕೈ ತೆಗೆದೆ. ಬಾಯಿ ಹೀಗೀಗೆ ಮಾಡ್ತಿದ್ದೆ, ಮೀನಿನ ಹಾಗೆ. ನಾನು ಕರೆದೆ, ನೀನು ಮಾತಾಡ್ಲಿಲ್ಲ. ಪರೀಕ್ಷೆ ಅಂದ್ಕೊಂಡೆ. ಹೆದರಿಕೆಯಾದ್ರೆ ಮೇಲೆ ನೋಡು ಅಂದಿದ್ಯಲ್ಲ. ದೀಪ ಎಣಿಸ್ದೆ. ಹದಿನಾರಿವೆ. ಮುಗಿದ್ಮೇಲೆ ಮತ್ತೆ ಮೊದಲಿಂದ ಎಣಿಸ್ದೆ."

ಡಿಟೆ ಮಗಳ ತಲೆಯನ್ನು ತನ್ನ ಕೋಟಿಗೆ ಒತ್ತಿಕೊಂಡಳು. ಸಿಲ್ಯೆ ಬಿಡಿಸಿಕೊಂಡು ಕೇಳಿದಳು — "ಹಾಗಾದ್ರೆ ನೀನು ಇರಲೇ ಇಲ್ವಾ? ನಾನೊಬ್ಬಳೇ ತೇಲಿದ್ದಾ?"

"ಹೂಂ. ನೀನೊಬ್ಬಳೇ."

ಯೋಚಿಸಿದಳು. ಮುಖದಲ್ಲಿ ಹೆಮ್ಮೆ ಬಂತು, ಅದರ ಹಿಂದೆಯೇ ಇನ್ನೇನೋ. ಸೇಬನ್ನು ಬೆಂಚಿನ ಮೇಲೆ ಇಟ್ಟುಬಿಟ್ಟಳು.

"ನೀವು ಬಂದು ಹೇಳಿದ್ರಿ," ಎಂದಳು ಡಿಟೆ ಏಳುತ್ತಾ. "ಅದು ಸರಿ. ಆದ್ರೆ ಥ್ಯಾಂಕ್ಸ್ ಅನ್ನೋಕೆ ನನ್ನಿಂದಾಗಲ್ಲ."

ಹೋದರು. ತುಂಬಾ ಹೊತ್ತು ಕೂತಿದ್ದೆ. ಕೂತದ್ದೇ ಆಶ್ಚರ್ಯ.


೨೭ ಜೂನ್, ಗುರುವಾರ

ಮತ್ತೆ ಉಲ್ರಿಕ್. ಈ ಸಲ ಆಸ್ಗರ್ ಜೊತೆಗಿದ್ದ, ಕಾಲು ಕುಣಿಸುತ್ತಾ. ಪರದೆಯ ಮೇಲೆ ಒಂಬತ್ತು ತಿಂಗಳ ಚುಕ್ಕೆಗಳು. ಒಂದೊಂದಾಗಿ ನೋಡಿದರೆ ಏನೂ ಇಲ್ಲ. ದೂರ ನಿಂತು ನೋಡಿದರೆ ಗುಂಪು ಗುಂಪು.

"ಇಪ್ಪತ್ತಮೂರು, ಇಪ್ಪತ್ತನಾಲ್ಕು ದಿನಕ್ಕೊಮ್ಮೆ ಜಾಸ್ತಿ ಆಗ್ತಿದೆ," ಎಂದ. "ಮೂರು ದಿನ ಇರತ್ತೆ, ಆಮೇಲೆ ಇಳಿಯತ್ತೆ. ಇದನ್ನ ಯಾವ ಪುಸ್ತಕವೂ ನಮಗೆ ಹೇಳ್ತಿರಲಿಲ್ಲ. ಆ ಮೂರು ದಿನಕ್ಕೆ ಮಾತ್ರೆ ಬೇರೆ ಮಾಡೋಣ. ಜೊತೆಗೆ ಎಲ್ಲಾ ಮಿದುಳಿನ ಬಲಗಡೆಯಿಂದಲೇ ಹುಟ್ತಿದೆ. ಆಪರೇಷನ್ ಆಗತ್ತಾ ಅಂತ ಚಳಿಗಾಲದೊಳಗೆ ನೋಡ್ಬಹುದು. ಆಗತ್ತೆ ಅಂತ ಹೇಳ್ತಿಲ್ಲ ನಾನು."

"ಅವಳು ನೀರಿಗೆ...?" ಎಂದ ಆಸ್ಗರ್.

"ಈಗ ಬೇಡ."

ನಾನೇ ಹೇಳುತ್ತಿದ್ದೆ ಅದನ್ನು. ಬಾಯಿ ತೆರೆದಿದ್ದೆ.

ಹೊರಡುವಾಗ ಸಿಸೆಲ್‌ಳ ಹತ್ತಿರ ನಿಂತೆ. ಕ್ಷಮೆ ಕೇಳಿದೆ. ಅವಳು ಹೊಸ ಪುಸ್ತಕ ಕೊಟ್ಟಳು, ಅದೂ ನೀಲಿಯದೇ.

"ನವೆಂಬರಿನಲ್ಲಿ ಮನೆಗೆ ಹೋಗಿ ನಮ್ಮಮ್ಮನಿಗೆ ಹೇಳಿದ್ದೆ, ಒಬ್ಬರಿಗೆ ಪೂರ್ತಿ ನಿಂತುಹೋಗಿದೆ ಅಂತ," ಎಂದಳು. ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.


೨೨ ಆಗಸ್ಟ್

ಆಸ್ಪತ್ರೆಯ ಕಾಗದ. ನನಗೆ ಕೊಟ್ಟದ್ದು ನಿಜವಾದ ಮಾತ್ರೆಯೇ. ಹಿಟ್ಟಲ್ಲ. ನನ್ನಲ್ಲಿ ಅದು ಏನೂ ಮಾಡಲಿಲ್ಲ. ನನ್ನ ನೀಲಿ ಪುಸ್ತಕವನ್ನು ನಂಬಿದ್ದರೆ ಅದು ಪವಾಡದ ಮಾತ್ರೆ. ಎಲ್ಲೋ ಯಾರೋ ನನ್ನಂಥವಳೊಬ್ಬಳು ಅದನ್ನು ನುಂಗಿ, ವಾಸಿಯಾಯಿತು ಅಂದುಕೊಂಡು, ಕಾರಿನ ಬೀಗದ ಕೈ ಎತ್ತಿಕೊಳ್ಳುತ್ತಿದ್ದಳು.

ಮನೆಯೊಳಗೇ ಸುತ್ತಿದೆ. ಕಿಟಕಿ ಒರೆಸಿದೆ, ಎಲ್ಲಾ ಕಿಟಕಿ.


೩ ಸೆಪ್ಟೆಂಬರ್, ಮಂಗಳವಾರ

ಪ್ರೆಬೆನ್ ಕರೆ ಮಾಡಿದ್ದ. ಎರಡೂವರೆ ತಿಂಗಳಲ್ಲಿ ಮೊದಲ ಸಲ.

"ಹೊಸ ಹುಡುಗಿಗೆ ಮಕ್ಕಳನ್ನ ಹಿಡಿಯೋಕೆ ಬರಲ್ಲ. ನೀನು ದಡದಲ್ಲಿ ನಿಂತು ಹೇಳ್ಕೊಡು. ಒಣ ಬಟ್ಟೆಯಲ್ಲಿ. ಒಂದು ಬೆರಳು ಒದ್ದೆಯಾದ್ರೂ ಮನೆಗೆ ಕಳಿಸ್ತೀನಿ."

ಹೋದೆ. ಆ ಹುಡುಗಿಗೆ ಅಂಗೈ ಎಲ್ಲಿಡಬೇಕು ಅಂತ ಗಾಳಿಯಲ್ಲಿ ತೋರಿಸಿದೆ. ಬೇಗ ಕಲಿತಳು. ಹೊಟ್ಟೆಕಿಚ್ಚಾಯಿತು.

ಸಿಲ್ಯೆ ಬೇರೆ ಊರಿನ ಕೊಳಕ್ಕೆ ಹೋಗುತ್ತಾಳಂತೆ. ಹೋಗಲಿ. ಈಜಿದರೆ ಸಾಕು.


೧೪ ಸೆಪ್ಟೆಂಬರ್, ಶನಿವಾರ. ಬೆಳಿಗ್ಗೆ ೮.೨೦

ಕಾಫಿ ಕುಡಿಯುತ್ತಾ ಬರೆಯುತ್ತಿದ್ದೆ. ಏನು ಬರೆಯುತ್ತಿದ್ದೆ, ಗೊತ್ತಿಲ್ಲ. ಹಾಳೆಯ ಮೇಲೆ ಒಂದು ಗೀಟು ಅಂಚಿನ ತನಕ ಹೋಗಿದೆ.

"ಹೋಗಿ ಬಂದೆಯಾ?" ಎಂದ ಆಸ್ಗರ್. ಈಗ ಹಾಗೆ ಕೇಳುತ್ತಾನೆ, ಅಂಗಡಿಗೆ ಹೋಗಿ ಬಂದೆಯಾ ಅನ್ನುವ ಹಾಗೆ.

"ಎಷ್ಟು ಹೊತ್ತು?"

"ಐವತ್ತು ಸೆಕೆಂಡು. ನೀಲಿ ಪುಸ್ತಕ ತರ್ಲಾ?"

"ಅದರಲ್ಲಿ ಆಮೇಲೆ ಬರಿ. ನಾನು ಏನು ಮಾಡಿದೆ ಹೇಳು."

"ಹೇಳೋಕೆ ಬರಲ್ಲ ನನಗೆ. ನಿಧಾನವಾಗಿ ಬರೆದ್ರೆ ಬರಬಹುದು." ಕನ್ನಡಕ ಹುಡುಕಲು ಒಳಗೆ ಹೋದ.

ಈ ಪುಸ್ತಕವನ್ನೇ ಕೊಡುತ್ತೇನೆ, ಇದರಲ್ಲೇ ಬರೆಯಲಿ. ಹಿಂದಿನ ಹಾಳೆಗಳಿಗೆ ಪಿನ್ನು ಹಾಕಬೇಕೆಂದುಕೊಂಡೆ, ಪಿನ್ನು ಸಿಗಲಿಲ್ಲ. ಓದುವುದಾದರೆ ಓದಲಿ. ಐವತ್ತು ಸೆಕೆಂಡು ನಾನಿಲ್ಲದಾಗ ಈ ಮೇಜಿನಲ್ಲಿ ಇದ್ದವನು ಅವನು. ಕನ್ನಡಕ ಸಿಕ್ಕಿತು ಅಂತ ಕಾಣುತ್ತದೆ. ಬಂದ. ಕುರ್ಚಿ ನನ್ನ ಪಕ್ಕಕ್ಕೆ ಎಳೆದುಕೊಂಡ. ಪೆನ್ನಿಗೆ ಕೈ ಚಾಚಿದ್ದಾನೆ. ತಾಳು, ಈ ಸಾಲು ಮುಗಿಸಿ ಪೆನ್ನು